ಪಾರ್ವತೆಮ್ಮನಿಗೆ ಚುಚ್ಚಿದ ಸೂಜಿ

“ಮೊದಲು ಇವನ್ನ ಹಾಕ್ಕೋರಿ,” ಎಂದು ಹಲ್ಲಿನ ಆಸ್ಪತ್ರೆಯ ನರ್ಸ್ ಸುನಂದಾ ಗ್ಲೌಸಿನ ಡಬ್ಬಿ ಹರಿದು ಮುಂದೆ ಚಾಚಿದಾಗ, ಹೆಣಕ್ಕೆ ನೀರೆರೆಯುತ್ತಿದ್ದ ಹೆಂಗಸರ ಕೈಗಳು ನಿಂತವು. ಪಾರ್ವತೆಮ್ಮನ ಒಸಡಿನಿಂದ ಇನ್ನೂ ತೆಳ್ಳಗೆ ರಕ್ತ ಜಿನುಗುತ್ತಿತ್ತು. ಮಗಳು ನಾಗವೇಣಿ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು.

“ನಮ್ಮ ಪಾರ್ವತೆಮ್ಮ ಅಷ್ಟು ಹೊಲಸಾದಳೇನ್ರೀ ಸಿಸ್ಟರ್?” ಮುದುಕಿಯೊಬ್ಬಳು ಕೇಳಿದಳು.

“ಹಂಗಲ್ಲ ಯವ್ವಾ. ರಕ್ತದಾಗ ರೋಗ ಅದ. ಕೈಯಾಗ ಗಾಯ ಇದ್ರ ನಿಮಗೂ ಹತ್ತತದ.”

ನಾಗವೇಣಿ ತಲೆ ಎತ್ತಲಿಲ್ಲ. “ಜೀವ ಇದ್ದಾಗ ಒಂದು ಜೋಡಿ ದಪ್ಪನ ಗ್ಲೌಸ್ ಕೇಳಿದ್ಲು. ಈಗ ಡಬ್ಬಿನೇ ತಂದೀರಿ.”

ಸುನಂದಾ ತಾನೇ ಗ್ಲೌಸ್ ಹಾಕಿಕೊಂಡು ಕುಳಿತು, ಬಾಯಿ ಒರೆಸಿ ಹತ್ತಿ ಇಟ್ಟಳು. ನರ್ಸಿಂಗ್ ಓದುವಾಗಲೇ, ರಕ್ತದಿಂದ ಹರಡುವ ಈ ಕಾಮಾಲೆಯನ್ನು ತಡೆಯುವ ಮೂರು ಇಂಜೆಕ್ಷನ್ನೂ ಅವಳಿಗೆ ಆಗಿದ್ದವು. ಪಾರ್ವತೆಮ್ಮನಿಗೆ ಒಂದೂ ಆಗಿರಲಿಲ್ಲ.

ಗೋಡೆಗೆ ಒರಗಿ ಕುಳಿತಿದ್ದ ಗಂಡ ತಾಯಣ್ಣ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. “ಕಾಮಣಿ ಆಗಿತ್ತು. ನಾಟಿ ಔಷಧ ಹಾಕಿಸಿದ್ವಿ. ಪಥ್ಯ ಮಾಡಲಿಲ್ಲ ನೋಡು, ಕೆಟ್ಟಳು.”

ಬಂದವರು ಹೌದೆಂದು ತಲೆಯಾಡಿಸುತ್ತಿದ್ದರು. ತಪ್ಪೆಲ್ಲ ಸತ್ತವಳ ತಲೆಗೇ ಹೋಗುತ್ತಿತ್ತು.

*

ರಾಯಚೂರಿನ ಆ ಹಲ್ಲಿನ ಆಸ್ಪತ್ರೆಯಲ್ಲಿ ಆರು ಕುರ್ಚಿಗಳು. ತನ್ನೂರು ಕುರ್ಡಿಯಿಂದ ದಿನಾ ಬಸ್ಸು ಹಿಡಿದು ಬಂದು, ಒಂಬತ್ತು ವರ್ಷ ಪಾರ್ವತೆಮ್ಮ ಅವನ್ನು ಒರೆಸಿದ್ದಳು. ಒಬ್ಬ ರೋಗಿ ಎದ್ದೊಡನೆ ಮೊದಲು ದೀಪದ ಹಿಡಿ, ಆಮೇಲೆ ತಟ್ಟೆ, ತಲೆ ಇಡುವ ಜಾಗ, ಕೈ ಇಡುವ ಜಾಗ. ಉಗುಳುವ ಬೋಗುಣಿ ಕಟ್ಟಕಡೆಗೆ. ಹೊಸ ಡಾಕ್ಟರುಗಳು ಅವಸರ ಮಾಡಿದರೆ, “ಹತ್ತು ನಿಮಿಷ ತಡೀರಿ ಡಾಕ್ಟರ್. ಔಷಧದ ನೀರು ಆರಬಾರದು. ಹುಳಕ್ಕೂ ಸಾಯಾಕ ಟೈಮ್ ಬೇಕಲ್ರೀ,” ಎನ್ನುತ್ತಿದ್ದಳು. ಈ ಕೆಲಸ ಹೀಗೆ ಮಾಡಬೇಕೆಂದು ಒಮ್ಮೆ ಕಲಿಸಿದವಳು ಸುನಂದಾ. ಮತ್ತೆ ಹೇಳಬೇಕಾಗಿ ಬರಲಿಲ್ಲ.

ಯುಗಾದಿಗೆ ಎರಡು ದಿನ ಮೊದಲು, ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿ ತುಂಬಿ ನಾಲ್ಕು ದಿನವಾಗಿತ್ತು. ಬೇರೆ ತರಿಸಿರಲಿಲ್ಲ. ಯಾರೋ ಸೂಜಿಯನ್ನು ಬಳಸಿದ ಹತ್ತಿ ಹಾಕುವ ಚೀಲಕ್ಕೆ ಎಸೆದಿದ್ದರು. ಚೀಲದ ಬಾಯಿ ಕಟ್ಟಲು ಹೋದ ಪಾರ್ವತೆಮ್ಮನ ಅಂಗೈಗೆ ಅದು ನೆಟ್ಟಿತು.

“ಚುಚ್ಚಿತ್ರೀ ಸಿಸ್ಟರ್,” ಎಂದು ಕೈ ಹಿಡಿದುಕೊಂಡು ಬಂದಳು.

ಸುನಂದಾ ಸೋಪು ಹಚ್ಚಿ ನಲ್ಲಿಯ ಕೆಳಗೆ ತೊಳೆದಳು. ರಕ್ತ ಪರೀಕ್ಷೆ ಮಾಡಿಸಬೇಕು, ಅವತ್ತೇ ಇಂಜೆಕ್ಷನ್ ಕೊಡಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಎಲ್ಲ ಗೊತ್ತಿತ್ತು. ಪೆನ್ನು ತೆಗೆದಾಗ ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು, “ಮುಂದಿನ ವಾರ ಇನ್‌ಸ್ಪೆಕ್ಷನ್ ಅದ. ಈಗ ಅದನ್ನೆಲ್ಲ ಬರೀಬ್ಯಾಡ್ರಿ. ಇಂಜೆಕ್ಷನ್ ಕೊಟ್ರೇಶ ನೋಡ್ಕೋತಾನ,” ಎಂದರು. ಗುತ್ತಿಗೆ ಕೆಲಸದವರ ಸೂಪರ್‌ವೈಸರ್ ಕೊಟ್ರೇಶ, “ನಾಳೆ ಕಳಿಸ್ತೀನಿ,” ಎಂದ.

ಸುನಂದಾ ಪೆನ್ನು ಮುಚ್ಚಿದಳು.

ಮೂರನೆಯ ದಿನ, ಇಂಜೆಕ್ಷನ್ ಆಯಿತೇ ಎಂದು ಸುನಂದಾ ಕೇಳಿದಾಗ ಪಾರ್ವತೆಮ್ಮ ಅಂಗೈ ತೋರಿಸಿ ನಕ್ಕಳು. “ಮಾಯ್ದದ ನೋಡ್ರಿ.” ಮೂರು ತಿಂಗಳಿಗೆ ಅವಳ ಕಣ್ಣು ಹಳದಿಯಾದವು. ಆಮೇಲೆ ಹನ್ನೆರಡು ದಿನ ಇದ್ದಳು.

*

ಹೆಣ ಎತ್ತುವ ಮೊದಲು ಸುನಂದಾ ನಾಗವೇಣಿಯನ್ನು ಹಿತ್ತಲಿಗೆ ಕರೆದಳು.

“ಪಥ್ಯದ್ದಲ್ಲ ನಾಗವೇಣಿ. ಸೂಜಿದು. ಅವತ್ತು ನಾ ಬರೀಲಿಲ್ಲ. ಅವತ್ತೇ ಕಳಿಸಿದ್ರ ನಿಮ್ಮವ್ವ...”

“ಗೊತ್ತದ್ರೀ,” ಎಂದಳು ನಾಗವೇಣಿ. “ಅವ್ವ ಹೇಳಿದ್ಲು. ಯಾರ ಮುಂದೂ ಅನಬ್ಯಾಡ, ಸಿಸ್ಟರ್‌ಗೆ ತ್ರಾಸ ಆಗ್ತದ ಅಂದ್ಲು.”

ಬೈದಿದ್ದರೆ ಚೆನ್ನಾಗಿತ್ತು. ನಾಗವೇಣಿ ಬೈಯಲಿಲ್ಲ, ಒಳಗೆ ಹೋಗಿ ತಾಯಿಯ ಕಾಲ ಬಳಿ ಕುಳಿತಳು.

ಮಧ್ಯಾಹ್ನ ಊರ ಹೊರಗೆ ಮಣ್ಣು ಕೊಟ್ಟು ಎಲ್ಲರೂ ಮನೆಗೆ ಬರುವ ಹೊತ್ತಿಗೆ, ಕೊಟ್ರೇಶ ಬೈಕಿನ ಮೇಲೆ ಆಸ್ಪತ್ರೆಯ ಹಾರ ತಂದಿದ್ದ. ಹಾಕಲು ಹೆಣವೇ ಇರಲಿಲ್ಲವಾದ್ದರಿಂದ ಅದನ್ನು ಗೂಟಕ್ಕೆ ನೇತುಹಾಕಿದ. ತಾಯಣ್ಣನ ಪಕ್ಕ ಕುಳಿತ. ಆಮೇಲೆ, “ಅಕಿ ಜಾಗ ಖಾಲಿ ಅದ. ಸೋಮವಾರದಿಂದ ಮಗಳು ಬರ್ತಾಳೇನು?” ಎಂದ.

“ಮೊದಲು ಇಂಜೆಕ್ಷನ್ ಮೂರೂ ಆಗ್ಲಿ,” ಸುನಂದಾ ಎದ್ದು ನಿಂತಳು. “ಆಮ್ಯಾಲ ಕೆಲಸ.”

“ಅವು ಮುಗಿಯಾಕ ಆರು ತಿಂಗಳು ಬೇಕ್ರೀ ಸಿಸ್ಟರ್. ಅಲ್ಲಿತನಕ ಕುರ್ಚಿ ಒರೆಸೋರು ಯಾರು? ಆಗಲ್ಲಂದ್ರ ಹೇಳ್ರಿ, ಬ್ಯಾರೆಯವರನ್ನ ನೋಡ್ತೀನಿ.”

ತಾಯಣ್ಣ ಮಗಳ ಮುಖ ನೋಡಿದ. ನಾಗವೇಣಿ ಸುನಂದಾಳ ಮುಖ ನೋಡಿದಳು. ಸುನಂದಾ ನೆಲ ನೋಡಿದಳು.

“ಬರ್ತೀನ್ರೀ,” ಎಂದಳು ನಾಗವೇಣಿ.

ಕೊಟ್ರೇಶ ಬೈಕಿಗೆ ತೂಗುಹಾಕಿದ್ದ ಚೀಲದಿಂದ ಆಸ್ಪತ್ರೆ ಕೆಲಸದ ಹಸಿರು ಕೋಟೊಂದನ್ನು ತೆಗೆದು ಅವಳ ಕೈಗಿಟ್ಟ. ಅಳತೆ ನೋಡೋಣವೆಂದ. ನಾಗವೇಣಿ ಉಟ್ಟ ಸೀರೆಯ ಮೇಲೆಯೇ ಅದನ್ನು ತೊಟ್ಟಳು. ತೋಳು ಉದ್ದವಾಗಿ ಬೆರಳುಗಳು ಮುಚ್ಚಿಹೋದವು. ಸುನಂದಾ ಹತ್ತಿರ ಬಂದು ತೋಳನ್ನು ಒಂದು ಮಡಿಕೆ, ಮತ್ತೊಂದು ಮಡಿಕೆ ಮಡಚಿದಳು. ಮಣ್ಣು ಮೆತ್ತಿದ ಅಂಗೈ ಬರಿದಾಗಿ ಹೊರಗೆ ಬಂತು.