ಕಟ್ಟಿನ ಸೊಂಟ

ಮೊದಲ ಏಟು ಕೆಲಸ ಕಲಿಯುತ್ತಿದ್ದ ಮಂಜೂರನ ಕಿವಿಯ ಮೇಲೆ ಬಿತ್ತು, ಎರಡನೆಯದು ಬೆನ್ನ ಮೇಲೆ. ಗಾರೆ ಬಾಂಡ್ಲಿ ಹೊತ್ತು ಸಾಲಾಗಿ ನಿಂತಿದ್ದ ಹೆಂಗಸರು ಮುಖ ತಿರುಗಿಸಿದರು. ಚಿಕ್ಕಮಾರಯ್ಯ ಹೊಡೆಯುವುದು ಹೆಬ್ಬಾಳದ ಆ ಕಟ್ಟಡದಲ್ಲಿ ಯಾರಿಗೂ ಹೊಸದಲ್ಲ. ಸರ್ವೆ ಗಳುಗಳಿಗೆ ತೆಂಗಿನ ಹಗ್ಗ ಬಿಗಿದು ಕೆಲಸದವರು ಹತ್ತಿ ನಿಲ್ಲುವ ಸಾರುವೆ ಕಟ್ಟುವುದರಲ್ಲಿ ಮೂವತ್ತು ವರ್ಷ ಕಳೆದವನಿಗೆ ಕಲಿಸುವ ದಾರಿ ಗೊತ್ತಿದ್ದದ್ದು ಒಂದೇ, ದಂಡಂ ದಶಗುಣಂ. ತಪ್ಪು ಕಟ್ಟಿಗೆ ಒಂದು ಏಟು. ಸರಿಯಾದದ್ದು ಯಾವುದೆಂದು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಅವನು ಕಲಿತದ್ದೂ ಹಾಗೆಯೇ.

"ಬುಡದ ಕಟ್ಟು ಯಾರ್ಲಾ ಬಿಚ್ಚಿದ್ದು?"

"ನಾನೇ, ಮಾರಣ್ಣ. ಮೇಲಕ್ಕೆ ಹಗ್ಗ ಸಾಲ್ಲಿಲ್ಲ. ಕೆಳಗಡೆ ಗೋಡೆ ಮುಗ್ದದೆ, ಅಲ್ಲಿಂದ ಬಿಚ್ಕೋ ಅಂತ ಮೇಸ್ತ್ರಿ ಅಂದ್ರು."

ಹಗ್ಗವೂ ಖರ್ಚಾಗಬಾರದು, ಮಳೆಗಾಲಕ್ಕೆ ಮುಂಚೆ ತಾರಸಿಯೂ ಮುಗಿಯಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜನಕ್ಕೆ ಕೋಲಿನ ಚಿಂತೆಯೇ ಹೆಚ್ಚು. ಚಿಕ್ಕಮಾರಯ್ಯ ತಲೆಯೆತ್ತಿದ. ಮೂರು ಮಾಳಿಗೆ ಎತ್ತರದ ಸಾರುವೆ ಬುಡದಲ್ಲಿ ಬರೀ ನಾಲ್ಕು ಕಟ್ಟುಗಳ ಮೇಲೆ ನಿಂತಿತ್ತು. ಸಾಲಿನ ಮುಂದೆ, ಆಗಲೇ ಏಣಿಗೆ ಕಾಲಿಟ್ಟಿದ್ದವಳು ಅವನ ಹೆಂಡತಿ ನಾರಾಯಣಮ್ಮ.

ಅವಳ ರಟ್ಟೆ ಹಿಡಿದು ಎಳೆದ. ಬಾಂಡ್ಲಿ ಉರುಳಿ ಗಾರೆಯೆಲ್ಲ ಅವಳ ಸೀರೆಯ ಮೇಲೆ ಚೆಲ್ಲಿತು. ಗಲಾಟೆ ಕೇಳಿ ಮೇಸ್ತ್ರಿ ವೆಂಕಟಸ್ವಾಮಿ ಬಂದ.

"ಏನೋ ನಿನ್ ರಾದ್ಧಾಂತ?"

"ಬುಡ ಕಟ್ಟಿಲ್ಲ ಸ್ವಾಮಿ. ಜನ ಅತ್ತಿದ್ರೆ ಗಳ ಜಾರ್ತದೆ."

"ನೆನ್ನೆ ಜಾರಿತ್ತಾ? ಹತ್ರಮ್ಮಾ ನೀವು. ಹತ್ತದೇ ಇರೋರು ಮನೆಗೆ ಹೋಗ್ಬೋದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏಣಿಯ ಕಡೆ ಸರಿದರು. ಚಿಕ್ಕಮಾರಯ್ಯ ಅವರನ್ನು ದಾಟಿ ಸಾರುವೆಯ ಬುಡಕ್ಕೆ ನಡೆದ. ಸೊಂಟದ ಮಚ್ಚು ಕಿತ್ತು, ಉಳಿದ ಕಟ್ಟುಗಳಲ್ಲಿ ಎರಡನ್ನು ಕಡಿದು, ಎಲ್ಲರೂ ದೂರ ಓಡುವಂತೆ ಕಿರುಚಿ, ಗಳುವಿಗೆ ಹೆಗಲು ಕೊಟ್ಟು ನೂಕಿದ. ತಾನೇ ಹದಿನೈದು ದಿನ ಕಟ್ಟಿದ ಸಾರುವೆ ಮೊದಲು ಓರೆಯಾಯಿತು, ಆಮೇಲೆ ಹಲಗೆ, ಇಟ್ಟಿಗೆ, ಗಾರೆ ಎಲ್ಲ ಒಟ್ಟಿಗೆ ನೆಲಕ್ಕೆ ಬಂತು. ಧೂಳು ಕುಳಿತಾಗ ಅವನು ಮಚ್ಚು ಹಿಡಿದು ಅಲ್ಲೇ ನಿಂತಿದ್ದ.

ಮೇಸ್ತ್ರಿಯ ಇಬ್ಬರು ಆಳುಗಳು ಅವನನ್ನು ಕೆಡವಿಕೊಂಡರು. ಒಬ್ಬ ಬೆನ್ನ ಮೇಲೆ ಕೂತ, ಇನ್ನೊಬ್ಬ ಎರಡೂ ಕೈಗಳನ್ನು ಕಲ್ಲಿನ ಮೇಲೆ ಒತ್ತಿ ಹಿಡಿದ. ವೆಂಕಟಸ್ವಾಮಿ ಗುದ್ದಲಿ ಕಾವಿನಿಂದ ಬೆರಳುಗಳ ಮೇಲೆ ಹೊಡೆದ. ಒಂದಲ್ಲ, ಎರಡಲ್ಲ. ನಾರಾಯಣಮ್ಮ ಮೇಸ್ತ್ರಿಯ ಕಾಲಿಗೆ ಬಿದ್ದು ತಬ್ಬಿಕೊಂಡ ಮೇಲೆಯೇ ನಿಲ್ಲಿಸಿದ್ದು. ಇಪ್ಪತ್ತೆರಡರ ಗಟ್ಟಿಮುಟ್ಟು ಆಳು ಮಂಜೂರ್ ನಿಂತಲ್ಲಿಂದ ಕದಲಲಿಲ್ಲ. ನಾಚಿಕೆಪಡಬೇಕಾದ ಮಾತು.

ಸಾರುವೆ ಬಿದ್ದದ್ದನ್ನು ಊರೆಲ್ಲ ನೋಡಿದ್ದರಿಂದ ಹೊಸ ಹಗ್ಗವಂತೂ ಬಂತು. ಸೋಮವಾರ ಮತ್ತೆ ಸಾರುವೆ ಏಳಬೇಕು, ಕಟ್ಟುವವನು ಮಂಜೂರ್. ಭಾನುವಾರ ಮಧ್ಯಾಹ್ನ ಅವನು ಒಂದು ಸಿಂಬೆ ಹಗ್ಗ ಹಿಡಿದು ಕೆಂಪಾಪುರದ ಚಿಕ್ಕಮಾರಯ್ಯನ ಹಟ್ಟಿಗೆ ಬಂದಾಗ ನಾರಾಯಣಮ್ಮ ಗಂಡನಿಗೆ ಮುದ್ದೆ ತಿನ್ನಿಸುತ್ತಿದ್ದಳು. ಅವನ ಎರಡೂ ಕೈಗೆ ಬಿದಿರ ದಬ್ಬೆ ಇಟ್ಟು ಕಟ್ಟಿತ್ತು.

"ಯಾಕ್ ಬಂದೆ? ಓಗು," ಎಂದ ಚಿಕ್ಕಮಾರಯ್ಯ.

"ತೋರ್ಸ್ಕೊಡು, ಮಾರಣ್ಣ."

"ಯಾವ್ ಕೈಯಾಗೆ ತೋರ್ಸ್ಲಾ?"

ನಾರಾಯಣಮ್ಮ ತಟ್ಟೆ ಕೆಳಗಿಟ್ಟಳು. "ಬಾಯಾಗ್ ಏಳ್ಕೊಡು. ಮನೇಲಿ ದುಡಿಯೋ ಕೈ ಇನ್ ನಂದೊಂದೇ. ಇವ್ನ್ ಕಟ್ಟಿದ್ರ ಮ್ಯಾಲೆ ನಾನ್ ಅತ್ತಬೇಕು."

ಮಂಜೂರ್ ಹಟ್ಟಿಯ ಚಪ್ಪರದ ಕಂಬಕ್ಕೆ ಅಡ್ಡ ಗಳು ಇಟ್ಟು ಸುತ್ತತೊಡಗಿದ. ಚಿಕ್ಕಮಾರಯ್ಯ ನೋಡಿದ. ತಪ್ಪು ಎಲ್ಲಿದೆಯೆಂದು ಅವನ ಬೆರಳಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. "ಅಂಗಲ್ಲ," ಎಂದ. "ಇಂಗೂ ಅಲ್ಲ." ಸಿಟ್ಟು ಬಂತು. ದಬ್ಬೆ ಕಟ್ಟಿದ ಕೈ ತಾನಾಗಿ ಮೇಲೆದ್ದಿತು. ಮಂಜೂರ್ ಹಗ್ಗ ಬಿಡದೆ ಕಣ್ಣು ಮುಚ್ಚಿ ಕತ್ತು ಬಗ್ಗಿಸಿ ಕಾದ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಮುದುಕ ತನ್ನ ಕೈಯನ್ನೇ ನೋಡುತ್ತಿದ್ದ.

"ಬಿಚ್ಚು," ಎಂದ ಮೆಲ್ಲಗೆ. "ನೀನು ಬರೀ ಗಳದ್ ಮೈ ಸುತ್ತೀಯೆ. ಆರು ಸುತ್ತು ಆದ್ಮೇಲೆ ಎರಡು ಗಳದ್ ನಡುವೆ ಅಗ್ಗ ತೂರ್ಸಿ, ಆ ಸುತ್ತಿಗೇ ಅಡ್ಡ ಬಿಗ್ದು ಸೊಂಟ ಕಟ್ಟು. ಸೊಂಟ ಕಟ್ಟದಿದ್ರೆ ಭಾರಕ್ಕೆ ಜಾರ್ತದೆ."

ಅಷ್ಟುದ್ದ ಮಾತು ಅವನು ಯಾರಿಗೂ ಆಡಿರಲಿಲ್ಲ. ಮಂಜೂರ್ ಮತ್ತೆ ಕಟ್ಟಿದ, ಬಿಚ್ಚಿದ, ಕಟ್ಟಿದ. ಬಿಸಿಲು ಹಟ್ಟಿ ದಾಟಿತು. ಅಂಗೈ ಚರ್ಮ ಕಿತ್ತು ಹಗ್ಗಕ್ಕೆ ರಕ್ತ ಹತ್ತಿತು.

"ಈಗ?" ಎಂದು ಕೇಳಿದ.

ಚಿಕ್ಕಮಾರಯ್ಯ ಬಗ್ಗಿ ಕಟ್ಟಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ನಾರಾಯಣಮ್ಮ ಅವನ ಮಾತಿಗೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡ್ಡ ಗಳುವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲೆತ್ತಿ ಜೋತುಬಿದ್ದಳು. ಹಗ್ಗ ಒಮ್ಮೆ ಕಿರುಗುಟ್ಟಿ ಇನ್ನಷ್ಟು ಬಿಗಿಯಿತು. ಗಂಡಸರಿಬ್ಬರೂ ಕಟ್ಟನ್ನೇ ನೋಡುತ್ತ ನಿಂತರು. ಅವಳು ಇಳಿಯಲಿಲ್ಲ.