ಗಡಿಗೆಯ ಮೇಲಿನ ಕಪ್ಪೆ

ಹಗಲು ಹನ್ನೊಂದೂವರೆ ಗಂಟೆ. ಎಂಟು ವರ್ಷದ ಆಂಜಿನಿ ಶಾಲೆಯ ಜಗಲಿಯಲ್ಲಿ ತಲೆಸುತ್ತಿ ಬಿದ್ದಳು.

೧೯೬೩ರ ಮಾರ್ಚ್ ತಿಂಗಳು. ಮಂಚೇನಹಳ್ಳಿಗೆ ಎರಡು ಮೈಲಿ ದೂರದ ಆ ಹಳ್ಳಿಯ ಬಾವಿಯಲ್ಲಿ ಮೊಣಕಾಲುದ್ದ ನೀರಿತ್ತು. ಹುಣಸೆಹಣ್ಣು ಕುಟ್ಟುತ್ತಿದ್ದ ತಾಯಿ ಗಂಗುಲಮ್ಮ ಹಾಗೇ ಎದ್ದು ಓಡಿಬಂದಳು. ಮಗಳ ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು.

"ಗಾಳಿ ಸೋಕೈತೆ. ಮಂತ್ರ ಹಾಕೋ ಕೋನಪ್ಪನ್ನ ಕರೆಸಿ ತಾಯಿತ ಕಟ್ಟಿಸ್ತೀನಿ," ಎಂದಳು.

ಅಂದು ಶಾಲೆಗೆ ಬಂದಿದ್ದ ಗ್ರಾಮಸೇವಿಕೆ ಸುಂದರಮ್ಮ ಹುಡುಗಿಯ ಕೈ ಚರ್ಮ ಹಿಡಿದು ಬಿಟ್ಟು ನೋಡಿದರು; ಮಡಿಕೆ ಬೇಗ ಇಳಿಯಲಿಲ್ಲ. "ಗಾಳಿಯಲ್ಲಮ್ಮ, ಬಾಯಾರಿಕೆ. ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿದ್ದಾಳಾ?"

ಗಂಗುಲಮ್ಮನಿಗೆ ಗೊತ್ತಿರಲಿಲ್ಲ.

ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಸುಂದರಮ್ಮ ಚಮಚದಲ್ಲಿ ಕುಡಿಸತೊಡಗಿದರು. "ಗೌರಿಬಿದನೂರು ಬಸ್ಸು ನಾಲ್ಕಕ್ಕೆ. ಅಷ್ಟರಲ್ಲಿ ಉಚ್ಚೆ ಆಗ್ದಿದ್ರೆ ಆಸ್ಪತ್ರೆಗೆ ಹೊರಡೋಣ. ಯಾಕಮ್ಮಾ ಆಂಜಿನಿ, ನೀರು ಕುಡೀಲಿಲ್ಲ?"

ಹುಡುಗಿ ಮೂಲೆಯಲ್ಲಿದ್ದ ಕುಡಿಯುವ ನೀರಿನ ಗಡಿಗೆ ತೋರಿಸಿದಳು. ಅದರ ಮೇಲೊಂದು ಹಸಿರು ಕಪ್ಪೆಯ ಚಿತ್ರ.

"ನಾನು ಕುಡಿದ್ರೆ ಕಪ್ಪೆ ಸತ್ತೋಗುತ್ತೆ. ಮನೇಲೂ ಅದೇ ಬಾವಿ ನೀರಲ್ವಾ? ಅದಕ್ಕೇ ಅಲ್ಲೂ ಕುಡೀಲಿಲ್ಲ."

ಅನಂತರಾಮಯ್ಯ ಮೇಷ್ಟ್ರ ಮುಖ ಬಾಡಿತು. ವಾರದ ಹಿಂದೆ ಚಿತ್ರ ಬರೆದವರು ಅವರೇ. 'ನೀರು ಖರ್ಚಾದರೆ ಈ ಕಪ್ಪೆ ಉಳಿಯಲ್ಲ' ಎಂದು ಮಕ್ಕಳಿಗೆ ಹೇಳಿದವರೂ ಅವರೇ.

"ಕಪ್ಪೆ ಉಳ್ಸೋಕೆ ನನ್ನ ಕೂಸು ಹೋಗ್ಬೇಕಾ ಸ್ವಾಮಿ? ಒಡೆದಾಕಿ ಆ ಗಡಿಗೇನ!" ಗಂಗುಲಮ್ಮ ಕೂಗಿದಳು.

"ಗಡಿಗೆ ಏನು ಮಾಡ್ತಮ್ಮ? ಕಪ್ಪೆ ಕೂತ ಜಾಗ ತಪ್ಪು," ಎಂದರು ಸುಂದರಮ್ಮ. "ಬೆಳಿಗ್ಗೆ ಪಾತ್ರೆ ತೊಳೆದ ನೀರು ಏನಾಯ್ತು?"

"ಬೀದಿಗೆ ಹೋಯ್ತು. ಎರಡು ಬಿಂದಿಗೆ."

"ಮಗು ದಿನಕ್ಕೆ ಕುಡಿಯೋದು ಆರೇಳು ಲೋಟ. ಯಾವುದು ಪೋಲು?"

ಗಂಗುಲಮ್ಮ ಚಮಚ ಇಸಿದುಕೊಂಡು ತಾನೇ ಮಗಳಿಗೆ ಮಜ್ಜಿಗೆ ಕುಡಿಸತೊಡಗಿದಳು. ಬಿಸಿಲು ಜಗಲಿಯಿಂದ ಇಳಿಯುವುದನ್ನೇ ನೋಡುತ್ತ ಕೂತಳು. ಗಂಟೆ ಎರಡಾಯಿತು. ಮೂರಾಯಿತು. ಮೂರೂಕಾಲಿಗೆ ಆಂಜಿನಿ ಮೆಲ್ಲಗೆ, "ಅಮ್ಮಾ, ಉಚ್ಚೆ," ಎಂದಳು.

ಗಂಗುಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಮೇಷ್ಟ್ರತ್ತ ತಿರುಗಿ, "ನಮ್ಮ ಬಚ್ಚಲಲ್ಲೂ ಒಂದು ಕಪ್ಪೆ ಬರೆದುಕೊಡಿ ಸ್ವಾಮಿ. ನಮ್ಮತ್ತೆ ಮುಖ ತೊಳೆಯೋಕೇ ಒಂದು ಬಿಂದಿಗೆ ಸುರ್ಕೋತಾರೆ," ಎಂದಳು.

ತಾಯಂದಿರೇ, ಮೇಷ್ಟ್ರೇ, ಮೊದಲು ಮಕ್ಕಳಿಗೆ ಹೊಟ್ಟೆ ತುಂಬ ನೀರು ಕುಡಿಸಿ. ಉಳಿಸುವ ಕೆಲಸವನ್ನು ಬಚ್ಚಲಿನಿಂದ ಶುರುಮಾಡಿ. ಪಾತ್ರೆ ತೊಳೆದ ನೀರನ್ನು ಹೀರೆಬಳ್ಳಿಯ ಬುಡಕ್ಕೆ ಬಿಡಿ.

ಮರುದಿನ ಮೇಷ್ಟ್ರು ಗಡಿಗೆಯ ಕಪ್ಪೆಯನ್ನು ಅಳಿಸಿ, ಕೈ ತೊಳೆಯುವ ತೊಟ್ಟಿಯ ಮೇಲೆ ಬರೆದರು. ಆಂಜಿನಿ ಗಡಿಗೆಯಿಂದ ಎರಡು ಲೋಟ ನೀರು ಕುಡಿದಳು.