ಗಾಡಿಯಡಿಯ ಮಾತು

ಟಕ್ — ಅದೇ ಸದ್ದು, ಪಿಕಪ್ಪಿನ ಹೊಟ್ಟೆಯೊಳಗಿನಿಂದ, ನಾದಿನಿ ಕೆಳಗೆ ಮಲಗಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಿದ್ದಾಳೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಕೇಳಿಸ್ತಾ ಅತ್ತಿಗೆ, ಕೀಲು ಆಡ್ತಾ ಇದೆ, ಕೇಳಿಸ್ತು ತಾಯಿ, ಕಿವಿ ಇನ್ನೂ ನೆಟ್ಟಗಿದೆ, ನಮ್ಮ ಮನೆಯವರು ಹೋಗಿ ಎರಡು ತಿಂಗಳಾದ ಮೇಲೆ ಈ ಗಾಡಿಯಿಂದ ಎದ್ದ ಮೊದಲ ಸದ್ದು, ಅದನ್ನೂ ಎಬ್ಬಿಸಿದವಳು ನಾನಲ್ಲ, ಅವರ ತಂಗಿ. ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟದ್ದು ಅವಳು, ಗೇರು ಬಿಡಿಸಿದ್ದು ಅವಳು, ಹಲಗೆ ಹಾಸಿ ಅಂಗಾತ ಒಳಗೆ ಜಾರಿದ್ದು ಅವಳು, ನಾನು ಟಾರ್ಚು ಹಿಡಿದು ಮಣೆಯ ಮೇಲೆ ಕುಳಿತ ದೀಪದ ಕಂಬ, ಆ ಕಡೆ ಅಲ್ಲ ಅತ್ತಿಗೆ, ಈ ಕಡೆ ಹಿಡೀರಿ, ಯಾವ ಕಡೆಯೆಂದು ನನಗೇನು ಗೊತ್ತು, ನನ್ನನ್ನು ಯಾರು ಕರೆದಿದ್ದರು ಇದರ ಕೆಳಗೆ. ಹೊರಗೆ ಕಾಣುವುದು ಅವಳ ಎರಡು ಪಾದ ಮಾತ್ರ, ಹೆಬ್ಬೆರಳಿಗಿಂತ ಉದ್ದವಾದ ಎರಡನೆಯ ಬೆರಳು, ಅದು ಆ ಮನೆತನದ್ದು, ಅವರಿಗೂ ಹಾಗೆಯೇ ಇತ್ತು, ನಲವತ್ತೊಂದು ವರ್ಷ ಭಾನುವಾರದ ಬೆಳಗಿನಲ್ಲಿ ಗಂಡನೆಂದು ನಾನು ಕಂಡದ್ದು ಅದನ್ನೇ, ಗಾಡಿಯಡಿಯಿಂದ ಚಾಚಿಕೊಂಡ ಎರಡು ಪಾದ, ಅಲುಗಾಡುವ ಒಂದು ಬೆರಳು. ಬಡಗಿಯಾದವರು ಮರ ಕೆತ್ತಿಕೊಂಡಿರಬೇಕು, ಮಂಚ ಬಾಗಿಲು ಸಾಗಿಸುವ ಗಾಡಿಯನ್ನು ಯಾವನಾದರೂ ಮೆಕ್ಯಾನಿಕ್ಕಿಗೆ ಬಿಡಬೇಕು, ಊಹೂಂ, ಈ ಮುದಿ ಗಾಡಿಯ ಮೈ ಇನ್ನೊಬ್ಬ ಮುಟ್ಟಬಾರದು, ತಂಗಿಯೊಬ್ಬಳನ್ನು ಬಿಟ್ಟು. ಹೊಲಿಗೆ ಯಂತ್ರ ರಿಪೇರಿ ಮಾಡುವ ಕೈ ಅವಳದು, ಸೂಕ್ಷ್ಮ ಎನ್ನುತ್ತಿದ್ದರು, ನನ್ನ ಕೈಯನ್ನು ಏನೂ ಎನ್ನುತ್ತಿರಲಿಲ್ಲ. ನಾನು ದೇವರ ಕೋಣೆಯಿಂದ ಎದ್ದುಬಂದು ಇಲ್ಲೇ ನಿಂತು ಕೂಗುತ್ತಿದ್ದೆ, ದೇವರ ಮುಂದೆ ಐದು ನಿಮಿಷ ಕೂತ್ರೆ ನಿಮ್ಮ ಮಂಡಿ ಸವೆದುಹೋಗುತ್ತಾ, ಕೆಳಗಿನಿಂದ ಉತ್ತರ, ನಿನ್ನ ದೇವರಿಗೆ ಗ್ರೀಸ್ ಬೇಕಾಗಿಲ್ಲ ಕಣೇ, ಇದಕ್ಕೆ ಬೇಕು, ಅಣ್ಣ ತಂಗಿ ಇಬ್ಬರೂ ಒಳಗೇ ನಗುವುದು, ಆಮೇಲೆ ಏನೋ ಗೊಣಗು, ಬಯ್ಯುತ್ತಿದ್ದಾರೆ, ನಟ್ಟನ್ನೋ ನನ್ನನ್ನೋ ಎಂದುಕೊಂಡು ನಾನು ಒಳಗೆ ಹೋಗುತ್ತಿದ್ದೆ.

ಕೀಲಿನ ಕ್ಯಾಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದೆ, ಒಳಗೆ ಒಣಗಿದೆ ಅತ್ತಿಗೆ, ಮೊದಲು ಗ್ರೀಸ್ ಹೊಡೆದು ನೋಡ್ತೀನಿ, ಹೊಡಿ, ಗ್ರೀಸಿನ ಗನ್ನು ಕಿರ್ ಎನ್ನುತ್ತದೆ, ಕಿರ್, ಮತ್ತೆ ಕಿರ್, ಅದರ ಹಿಂದೆಯೇ ಅವಳ ಬಾಯಿ, ಅದೇ ಗೊಣಗು, ಅದೇ ಏರಿಳಿತ, ಅವರದೇ, ಅದೇನೇ ಅದು ಒಳಗೊಳಗೇ ಬಯ್ಕೊಳ್ಳೋದು ಎಂದೆ. ಬಯ್ಗುಳಾನಾ? ಅಯ್ಯೋ, ಜಪ ಅತ್ತಿಗೆ, ಅಣ್ಣ ಹಾಗೇ ಅಲ್ವಾ ಹೊಡೀತಿದ್ದದ್ದು, ಎಣಿಸಬೇಡ, ಎಣಿಸಿದ್ರೆ ಕೈ ಅವಸರ ಮಾಡುತ್ತೆ, ಒಂದೊಂದು ಒತ್ತಿಗೂ ದೇವರ ಹೆಸರು ಹೇಳು, ಹಳೇದು ಪೂರ್ತಿ ಆಚೆ ಬಂದು ಹೊಸದು ಕಾಣೋವರೆಗೂ ಹೇಳ್ತಾ ಇರು ಅಂತಿದ್ದ, ನಿಮಗೆ ಗೊತ್ತಿಲ್ವಾ? ಗೊತ್ತಿಲ್ದೆ ಏನು, ಎಂದೆ. ಅರವತ್ತೆಂಟರ ಬಾಯಿ, ಬೆಳಿಗ್ಗೆ ತಾನೆ ನಿನ್ನ ಹೆಸರು ನೂರೆಂಟು ಬಾರಿ ಹೇಳಿದ ಬಾಯಿ, ಕಣ್ಣು ಮಿಟುಕಿಸದೆ ಸುಳ್ಳಾಡಿತು, ಕ್ಷಮಿಸು ತಂದೆ — ಅಲ್ಲ, ಕ್ಷಮಿಸುವುದು ಆಮೇಲೆ, ಮೊದಲು ನನಗೆ ಉತ್ತರ ಕೊಡು, ನಲವತ್ತೊಂದು ವರ್ಷ ನಿನ್ನ ಮುಂದೆ ಸೆರಗೊಡ್ಡಿ ಬೇಡಿದೆನಲ್ಲ, ಇವರನ್ನು ಒಂದು ಸಲ ನಿನ್ನ ಕಡೆ ತಿರುಗಿಸು ಎಂದು, ಅವರು ವಾರಕ್ಕೊಮ್ಮೆ ನಿನ್ನನ್ನು ಕೂಗುತ್ತಿದ್ದರು, ನಿನಗೆ ಕೇಳಿಸುತ್ತಿತ್ತು, ನನಗೊಂದು ಮಾತು ಹೇಳಲಿಲ್ಲ, ನೀನೂ ಅಣ್ಣ ತಂಗಿಯರ ಪಕ್ಷ ಸೇರಿಕೊಂಡೆಯಾ, ನಾನು ಇಲ್ಲಿ ನಾಸ್ತಿಕನ ಹೆಂಡತಿಯೆಂದು ಇಬ್ಬರ ಪಾಲಿನ ಉಪವಾಸ ಮಾಡಿ ಹೊಟ್ಟೆ ಒಣಗಿಸಿಕೊಂಡೆ. ಆಸ್ಪತ್ರೆಯಲ್ಲಿ ಕೊನೆಯ ದಿನವೂ ತುಟಿ ಅಲುಗುತ್ತಿತ್ತು, ನೀರು ಕೇಳುತ್ತಿದ್ದಾರೆಂದು ಚಮಚ ಹಿಡಿದೆ, ನೀರು ಗಲ್ಲದ ಮೇಲೆ ಇಳಿಯಿತು, ಇವಳು ಇದ್ದಿದ್ದರೆ ತಿಳಿಯುತ್ತಿತ್ತೋ ಏನೋ, ಹೊದಿಕೆ ಗಿಡ್ಡ, ಎರಡು ಪಾದ ಆಚೆ.

ಯಾವ ಹೆಸರೇ ಅದು, ಎಂದು ಕೇಳಿಬಿಟ್ಟೆ, ಕೇಳಬಾರದಿತ್ತು. ನಿಮ್ಮದೇ ಅತ್ತಿಗೆ, ಬೆಳಿಗ್ಗೆ ದೇವರ ಕೋಣೆ ಕಿಟಕಿ ಹತ್ರ ಕೂತು ಹೇಳ್ತೀರಲ್ಲ ಅದೇ, ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತೆ, ಅಣ್ಣ ಕಲಿತದ್ದು ನಿಮ್ಮಿಂದಲೇ, ಅವಳಿಗೆ ಹೇಳಬೇಡ, ಗೆದ್ದೆ ಅಂದ್ಕೋತಾಳೆ ಅಂತಿದ್ದ. ಸಮಾಧಾನ ಮಾಡಿದಳಂತೆ. ಎದೆಯೊಳಗೆ ಕೆಂಡ. ನನ್ನ ಕಿಟಕಿಯಿಂದ ತೆಗೆದುಕೊಂಡದ್ದನ್ನು ತಂಗಿಯ ಕೈಗೆ ಕೊಟ್ಟರು, ನಾನು ಗೆದ್ದರೆ ಅವರ ಗಂಟೇನು ಹೋಗುತ್ತಿತ್ತು, ಒಂದು ಸಲ, ಒಂದೇ ಸಲ, ಬಾರೇ ಇಲ್ಲಿ, ಕೇಳು ಎನ್ನಬಾರದಿತ್ತೇ. ಟಕ್. ಗ್ರೀಸಿಗೂ ಸದ್ದು ಹೋಗ್ತಿಲ್ಲ, ಕೀಲೊಳಗಿನ ಕ್ರಾಸ್ ಸವೆದಿದೆ, ಹೊಸದು ತಂದು ಹಾಕ್ಬೇಕು, ಬರೋ ಭಾನುವಾರ ಬರ್ತೀನಿ ಎಂದಳು, ಆಚೆ ಬಾ ಎಂದೆ. ಯಾಕೆ ಅತ್ತಿಗೆ? ಆಚೆ ಬಾ, ಇನ್ನೊಂದು ಕೀಲಿದೆಯಲ್ಲ ಹಿಂದೆ, ಅದಕ್ಕೆ ನಾನು ಹೊಡೀತೀನಿ, ಅಯ್ಯೋ, ನಿಮ್ಮ ಮಂಡಿ, ನನ್ನ ಮಂಡಿ ನನ್ನದು, ನಿನಗ್ಯಾಕೆ, ಗನ್ನು ಕೊಡು.

ಹಲಗೆ ಬೆನ್ನಿಗೆ ಒತ್ತುತ್ತದೆ, ಮುಖದ ಮೇಲೆ ಮಣ್ಣಿನ ಹುಡಿ, ಇಷ್ಟು ಹತ್ತಿರವೇ ಕಬ್ಬಿಣ, ಅವರ ಮೂಗು ಉದ್ದ, ಹೇಗೆ ಹಿಡಿಸುತ್ತಿತ್ತು ಇಲ್ಲಿ, ಎಣ್ಣೆಯ ವಾಸನೆ, ಅವರ ಅಂಗಿಯದು, ನಾನು ಮೂಗು ಮುಚ್ಚಿಕೊಂಡು ಒಗೆದದ್ದು, ಈಗ ಬಾಯಿತೆರೆದು ಎಳೆದುಕೊಳ್ಳುತ್ತಿದ್ದೇನೆ. ಗನ್ನಿನ ಮೂತಿ ಕೂತಿತು. ಒತ್ತಬೇಕು, ಹೆಸರು ಹೇಳಬೇಕು, ಹುಟ್ಟಿದಾಗಿನಿಂದ ಹೇಳುತ್ತ ಬಂದ ಹೆಸರು, ನಾಲಗೆಯ ತುದಿಯಲ್ಲಿದೆ, ಹೊರಡುವುದಿಲ್ಲ, ಹೊರಟರೆ ಅವರ ಹಾಗೆ ಹೊರಡಬೇಕು, ಆ ಹಾಗೆ ನನಗೆ ಬರುವುದಿಲ್ಲ, ಅದು ಅವಳಿಗೆ ಬರುತ್ತದೆ. ಒತ್ತಿ ಅತ್ತಿಗೆ, ಒತ್ತಿ. ಕತ್ತು ಹೊರಳಿಸಿದೆ, ಗಾಡಿಗೂ ನೆಲಕ್ಕೂ ನಡುವೆ ಒಂದು ಗೇಣು ಬೆಳಕು, ಅವರಿಗೂ ಇಷ್ಟೇ ಕಂಡಿರಬೇಕು, ನಾನು ನಿಂತು ಕೂಗುವಾಗ ನನ್ನ ಕಾಲಷ್ಟೇ, ಮುಖವಿಲ್ಲ, ಕಣ್ಣಿಲ್ಲ, ಕೂಗು ಮತ್ತು ಕಾಲು, ಈಗ ಆ ಬೆಳಕಿನಲ್ಲಿ ಅವಳು ನಿಂತಿದ್ದಾಳೆ, ಅವಳೋ, ಅವರೋ, ಕಣಕಾಲಿನಿಂದ ಮೇಲೆ ಏನೂ ಇಲ್ಲ, ಗ್ರೀಸು ಮೆತ್ತಿದ ಎರಡು ಪಾದ, ಹೆಬ್ಬೆರಳಿಗಿಂತ ಉದ್ದವಾದ ಎರಡನೆಯ ಬೆರಳು, ಅಲುಗುತ್ತಿದೆ, ಒಂದೊಂದು ಹೆಸರಿಗೂ ಒಮ್ಮೆ ಎಂಬಂತೆ — ಆ ಬೆರಳು —